ಜೇಬಿನೊಳಗಿನ ಕೋವಿ

ನಮ್ಮೂರಲ್ಲಿ ಕೋವಿ ಅಂದ್ರೆ ಗುಟ್ಟಿನ ವಸ್ತುವಲ್ಲ. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬರುವ ಮಲೆನಾಡಿನ ಮೂಲೆ ಅದು. ಯಾರ ಮನೇಲಿ ಕೋವಿ ಇದೆ, ಒಂಟಿ ನಳಿಗೆಯದ್ದೋ ಜೋಡಿ ನಳಿಗೆಯದ್ದೋ, ಎಲ್ಲರಿಗೂ ಗೊತ್ತು. ಎಲೆಕ್ಷನ್ ಬಂತು ಅಂದ್ರೆ ಅಜ್ಜ ತಮ್ಮ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಲ್ಲಿ ಒಯ್ದು, ಠಾಣೆಯಲ್ಲಿಟ್ಟು ರಸೀದಿ ತರ್ತಿದ್ದರು. ನಳಿಗೆ ಚೀಲದಿಂದ ಒಂದು ಗೇಣು ಹೊರಗೇ ಇರ್ತಿತ್ತು. “ಏನ್ ಗೌಡ್ರೇ, ಎಲೆಕ್ಷನ್ ಬಂತಾ?” ಅಂತ ಕಂಡಕ್ಟರ್ ನಗ್ತಿದ್ದ.

ಇಂಥ ಊರಿಂದ ಬಂದವನಿಗೆ, ಡಲ್ಲಾಸ್‌ನಲ್ಲಿ ಆನ್‌ಸೈಟ್ ಇದ್ದಾಗ, ಅಲ್ಲಿನ ಸಹೋದ್ಯೋಗಿಯೊಬ್ಬ ಒಂದು ಭಾನುವಾರ ಅಂಗೈ ಬಿಚ್ಚಿ ತೋರಿಸಿದ ವಸ್ತು ಕೋವಿ ಅಂತ ಅನ್ನಿಸಲೇ ಇಲ್ಲ. ಸಿಗರೇಟ್ ಲೈಟರಿಗಿಂತ ದೊಡ್ಡದು, ನನ್ನ ಫೋನಿಗಿಂತ ಚಿಕ್ಕದು. “ನಮ್ಮಜ್ಜಿಯದ್ದು” ಅಂದ. ಅಂಗಡಿ ನಡೆಸ್ತಿದ್ದ ಅಜ್ಜಿ, ದಿನದ ದುಡ್ಡನ್ನು ಬ್ಯಾಂಕಿಗೆ ಒಯ್ಯುವಾಗ ಕೈಚೀಲದಲ್ಲಿ ಇಟ್ಕೊಳ್ತಿದ್ದರಂತೆ. ಕೋಲ್ಟ್ ಕಂಪನಿಯ 1908ರ ‘ವೆಸ್ಟ್ ಪಾಕೆಟ್’. ಉದ್ದ ನಾಲ್ಕೂವರೆ ಇಂಚು, ತೂಕ ಅರ್ಧ ಕಿಲೋಗಿಂತ ಕಡಿಮೆ, ಮ್ಯಾಗಝೀನ್‌ನಲ್ಲಿ ಆರು ಗುಂಡು. ಗುಂಡಿನ ಅಡ್ಡಳತೆ ಕಾಲು ಇಂಚು, ಅಂದ್ರೆ 6.35 ಮಿಲಿಮೀಟರ್.

ಅಜ್ಜಿಯ ಈ ಒಂದರಿಂದ ಶುರುವಾದ ಹುಚ್ಚು ಅವನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯಷ್ಟು ಬೆಳೆದಿತ್ತು. ನಮ್ಮಲ್ಲಿ ಇಂಥ ಹವ್ಯಾಸಕ್ಕೆ ಜಾಗವೇ ಇಲ್ಲ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇದ್ದವನೂ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ.

ಶೂಟಿಂಗ್ ರೇಂಜಿಗೂ ಕರ್ಕೊಂಡು ಹೋದ. ಆದರೆ ನಾನು ಮುಟ್ಟಲಿಲ್ಲ. ನನ್ನಂಥ ತಾತ್ಕಾಲಿಕ ವೀಸಾದವರು, ಬೇಟೆಯ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ, ಅಲ್ಲಿ ಕೋವಿ ಹಿಡಿಯುವುದೇ ಅಪರಾಧ. ಕಿವಿಗೆ ರಕ್ಷಣೆ ಹಾಕಿಕೊಂಡು ಗಾಜಿನ ಹಿಂದೆ ನಿಂತೆ. ಅವನು ಮೊದಲು ಮ್ಯಾಗಝೀನ್ ತೆಗೆದ, ಸ್ಲೈಡ್ ಹಿಂದಕ್ಕೆಳೆದ, ನಳಿಗೆಯ ಹಿಂಬದಿ ಖಾಲಿ ಇದೆಯಾ ಅಂತ ಕಣ್ಣಲ್ಲೇ ನೋಡಿದ. ನೂರು ವರ್ಷದ ಸ್ಪ್ರಿಂಗ್ ನಂಬಬಾರದು ಅಂತ ಹೊಸದು ಹಾಕಿದ್ದ. ಹಳೆಯದನ್ನು ಚೀಟಿ ಬರೆದು ಬೇರೆ ಇಟ್ಟಿದ್ದ. ಹಿಡಿಕೆ ಎಷ್ಟು ಗಿಡ್ಡ ಅಂದ್ರೆ ಕಿರುಬೆರಳಿಗೆ ಜಾಗವೇ ಇಲ್ಲ. ಗುರಿ ನೋಡಲು ಮೇಲೆ ಒಂದು ಸಣ್ಣ ಗೀರು, ಅಷ್ಟೆ. ಏಳು ಗಜ ದೂರದ ಕಾಗದಕ್ಕೆ ಆರು ಗುಂಡು ಹೊಡೆದ. ತೂತುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದ್ದವು. “ಇದು ಗುರಿಯ ಕೋವಿಯಲ್ಲ, ಹತ್ತಿರದ ಕೋವಿ” ಅಂದ.

ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ಓದುತ್ತಾ ಹೋದೆ.

ಇದನ್ನೆಲ್ಲ ವಿನ್ಯಾಸ ಮಾಡಿದವನು ಜಾನ್ ಬ್ರೌನಿಂಗ್. 1855ರಲ್ಲಿ ಅಮೆರಿಕದ ಯೂಟಾದಲ್ಲಿ ಹುಟ್ಟಿದವನು, ಅಪ್ಪನೂ ಕೋವಿ ಮಾಡುವವನೇ. ಅವನ ಪಿಸ್ತೂಲುಗಳನ್ನು ಅಮೆರಿಕದಲ್ಲಿ ಕೋಲ್ಟ್ ಮಾಡಿದರೆ, ಯುರೋಪಿನಲ್ಲಿ ಬೆಲ್ಜಿಯಂನ ಎಫ್‌ಎನ್ ಮಾಡಿತು. ಲಿಯೇಜ್ ಪಕ್ಕದ ಹರ್ಸ್ಟಾಲ್‌ನಲ್ಲಿ 1889ರಲ್ಲಿ, ಬೆಲ್ಜಿಯಂ ಸೈನ್ಯಕ್ಕೆ ಮೌಸರ್ ರೈಫಲ್ ಮಾಡಿಕೊಡಲು ಹುಟ್ಟಿದ ಕಾರ್ಖಾನೆ ಅದು.

ಜೇಬಿನ ಪಿಸ್ತೂಲು ಮೊದಲೂ ಇತ್ತು. 1865ರಲ್ಲಿ ಲಿಂಕನ್‌ಗೆ ಹೊಡೆದದ್ದು ಅಂಥದ್ದೇ, ಆದರೆ ಅದರಲ್ಲಿ ಇದ್ದದ್ದು ಒಂದೇ ಗುಂಡು. ಬ್ರೌನಿಂಗ್ ಮಾಡಿದ ಸುಧಾರಣೆ ಇಂಜಿನಿಯರ್ ಕಣ್ಣಿಗೆ ಬಹಳ ಚಂದ. ದೊಡ್ಡ ಕಾಡತೂಸಾದರೆ, ಒತ್ತಡ ಇಳಿಯುವ ತನಕ ನಳಿಗೆಯ ಹಿಂಬಾಗಿಲನ್ನು ಬೀಗ ಹಾಕಿ ಹಿಡಿಯಬೇಕು. ಸಣ್ಣದಕ್ಕೆ ಬೀಗ ಬೇಡ. ಸ್ಲೈಡಿನ ತೂಕ, ಸ್ಪ್ರಿಂಗಿನ ಬಿಗಿ ಸಾಕು. ಗುಂಡು ಮುಂದೆ ಹಾರುವಾಗ ಅದೇ ಒತ್ತಡ ಸ್ಲೈಡನ್ನು ಹಿಂದೆ ತಳ್ಳುತ್ತೆ, ಖಾಲಿ ಕೋಶ ಹೊರಗೆ ಬೀಳುತ್ತೆ, ಸ್ಪ್ರಿಂಗ್ ವಾಪಸ್ ತಳ್ಳುವಾಗ ಮುಂದಿನ ಗುಂಡು ಒಳಗೆ. ಬಿಡಿಭಾಗ ಕಡಿಮೆ, ದಪ್ಪ ಕಡಿಮೆ, ಬಟ್ಟೆಗೆ ಸಿಕ್ಕಿಕೊಳ್ಳುವ ಕೊಕ್ಕೆ ಕೊಂಡಿ ಹೊರಗೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಅರ್ಧ ಅಳಿಸಿಯೂ ಕೆಲಸ ಪೂರ್ತಿ ಮಾಡಿದ ಹಾಗೆ.

ಎಫ್‌ಎನ್ 1900ರ ಮಾಡೆಲ್ ಲಕ್ಷಗಟ್ಟಲೆ ಮಾರಾಟವಾಯಿತು. ಫ್ರೆಂಚರ ಬಾಯಲ್ಲಂತೂ ‘ಬ್ರೌನಿಂಗ್’ ಅಂದ್ರೆ ಪಿಸ್ತೂಲು ಅಂತಲೇ ಆಗಿಹೋಯ್ತು. ಕೊಂಡವರಲ್ಲಿ ಬಹುಪಾಲು ಜನ ಅಜ್ಜಿಯಂಥವರೇ ಇದ್ದಿರಬೇಕು. ಆದರೆ ಯಾರ ಕಣ್ಣಿಗೂ ಬೀಳದೆ ಹತ್ತಿರ ಹೋಗುವುದು ಇನ್ನೂ ಕೆಲವರಿಗೆ ಬೇಕಾಗಿತ್ತು.

ನಮ್ಮ ದೇಶದ ಕಥೆಯನ್ನೇ ನೋಡಿ. 1878ರ ಆಯುಧ ಕಾಯ್ದೆ ಬಂದಮೇಲೆ ಲೈಸೆನ್ಸ್ ಇಲ್ಲದ ಭಾರತೀಯ ಕೋವಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಕೊಡವರಂಥ ಕೆಲವರಿಗೆ ಮಾತ್ರ ವಿನಾಯಿತಿ. 1909ರಲ್ಲಿ ಲಂಡನ್ನಿನ ಇಂಡಿಯಾ ಹೌಸ್‌ನಲ್ಲಿ ಅಡುಗೆ ಮಾಡ್ತಿದ್ದ ಚತುರ್ಭುಜ ಅಮೀನ್ ಊರಿಗೆ ಹೊರಟಾಗ, ಪೆಟ್ಟಿಗೆಯ ಕಳ್ಳತಳದಲ್ಲಿ ಇಪ್ಪತ್ತು ಬ್ರೌನಿಂಗ್ ಪಿಸ್ತೂಲು ಇದ್ದವು. ಕಳಿಸಿದವರು ಸಾವರ್ಕರ್. ಇಪ್ಪತ್ತು ರೈಫಲ್ ಆಗಿದ್ದರೆ ಒಬ್ಬನ ಪೆಟ್ಟಿಗೆಯಲ್ಲಿ ಸಮುದ್ರ ದಾಟುತ್ತಿತ್ತಾ?

ಅದೇ ವರ್ಷ ಡಿಸೆಂಬರ್ 21ರ ರಾತ್ರಿ, ನಾಸಿಕದ ವಿಜಯಾನಂದ ಥಿಯೇಟರಿನಲ್ಲಿ ‘ಶಾರದಾ’ ನಾಟಕ. ವರ್ಗವಾಗಿ ಹೊರಟಿದ್ದ ಕಲೆಕ್ಟರ್ ಜಾಕ್ಸನ್‌ಗೆ ಬೀಳ್ಕೊಡುಗೆ. ಹದಿಹರೆಯದ ಅನಂತ ಕಾನ್ಹೇರೆ ಜನರ ಮಧ್ಯೆಯೇ ಅವನಿಗೆ ಗುಂಡು ಹೊಡೆದ. ಪಿಸ್ತೂಲು ಆ ಇಪ್ಪತ್ತರಲ್ಲಿ ಒಂದು. ಸಂಸ್ಕೃತ ಬಲ್ಲ ಜಾಕ್ಸನ್‌ಗೆ ‘ಪಂಡಿತ’ ಅಂತ ಹೆಸರಿತ್ತು. ಕಾನ್ಹೇರೆಗೆ 1910ರ ಏಪ್ರಿಲ್‌ನಲ್ಲಿ ಠಾಣೆಯ ಜೈಲಿನಲ್ಲಿ ಗಲ್ಲಾಯಿತು. 1911ರ ಜೂನ್ 17ರಂದು ತಿರುನೆಲ್ವೇಲಿ ಹತ್ತಿರದ ಮಣಿಯಾಚ್ಚಿ ಜಂಕ್ಷನ್ನಿನಲ್ಲಿ, ರೈಲಿನಲ್ಲಿ ಕೂತಿದ್ದ ಕಲೆಕ್ಟರ್ ಆಶ್‌ಗೆ ವಾಂಚಿನಾಥನ್ ಹೊಡೆದದ್ದೂ ಬೆಲ್ಜಿಯಂನ ಬ್ರೌನಿಂಗ್‌ನಿಂದಲೇ. ಆಮೇಲೆ ಅದರಿಂದಲೇ ತಾನೂ ಸತ್ತ.

ಇದನ್ನು ಸರಿ ತಪ್ಪು ಅಂತ ಸಲೀಸಾಗಿ ವಿಂಗಡಿಸೋಕೆ ನನಗೆ ಆಗಲ್ಲ. ಕಾಣುವ ಕೋವಿಯನ್ನು ಕಾನೂನು ಕಿತ್ತುಕೊಂಡಾಗ ಕೈಗೆ ಸಿಕ್ಕಿದ್ದು ಕಾಣದ ಕೋವಿ. ಆದರೆ ನಾಟಕ ನೋಡಲು ಬಂದು ಕುರ್ಚಿಯಲ್ಲಿ ಕೂತವನಿಗೆ, ಪಕ್ಕದಲ್ಲಿ ನಿಂತ ಹುಡುಗನ ಜೇಬಲ್ಲಿ ಏನಿದೆ ಅಂತ ತಿಳಿಯುವ ದಾರಿಯೇ ಇಲ್ಲದಂತಾದದ್ದೂ ಆ ಹೊತ್ತಿನಲ್ಲೇ.

ಎಫ್‌ಎನ್ 1910ರ ಮಾಡೆಲ್‌ನಲ್ಲಿ ಬ್ರೌನಿಂಗ್ ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಕೂರಿಸಿ ಪಿಸ್ತೂಲನ್ನು ಇನ್ನೂ ನುಣುಪು ಮಾಡಿದ. ಸೇಫ್ಟಿಗಳು ಮೂರು. ಒಂದು, ಬೆರಳಿಂದ ಒತ್ತುವ ಕೀಲಿ. ಎರಡು, ಹಿಡಿಕೆಯನ್ನು ಬಿಗಿಯಾಗಿ ಹಿಡಿಯದಿದ್ದರೆ ಹಾರದು. ಮೂರು, ಮ್ಯಾಗಝೀನ್ ತೆಗೆದರೆ ಹಾರದು. 1914ರ ಜೂನ್ 28ರಂದು ಸರಾಯೆವೋದಲ್ಲಿ ಹತ್ತೊಂಬತ್ತು ವರ್ಷದ ಗಾವ್ರಿಲೋ ಪ್ರಿನ್ಸಿಪ್ ಕೈಯಲ್ಲಿದ್ದದ್ದು ಇದೇ. ಎರಡು ಗುಂಡು. ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್, ಪತ್ನಿ ಸೋಫಿ ಇಬ್ಬರೂ ಸತ್ತರು. ತಿಂಗಳು ತುಂಬುವಷ್ಟರಲ್ಲಿ ಯುದ್ಧ.

ಆ ಮೂರೂ ಸೇಫ್ಟಿ ಕಾಯುವುದು ಯಾರನ್ನು? ಹಿಡಿದವನನ್ನು. ಎದುರಿಗಿರುವವನನ್ನು ಕಾಯುವ ಸೇಫ್ಟಿ ಒಂದೂ ಇಲ್ಲ. ರಿಕ್ವೈರ್ಮೆಂಟಿನಲ್ಲಿ ಅದು ಇರಲಿಲ್ಲ. ಬ್ರೌನಿಂಗ್ ಕೆಟ್ಟವನಲ್ಲ, ಕೇಳಿದ್ದನ್ನು ಚೆನ್ನಾಗಿ ಮಾಡಿಕೊಟ್ಟ ಇಂಜಿನಿಯರ್. 1926ರಲ್ಲಿ ಅದೇ ಬೆಲ್ಜಿಯಂ ಕಾರ್ಖಾನೆಯಲ್ಲಿ, ಇನ್ನೊಂದು ಪಿಸ್ತೂಲಿನ ಕೆಲಸದ ನಡುವೆಯೇ ತೀರಿಕೊಂಡ. ಇದನ್ನು ಬರೆಯುವಾಗ ನನ್ನ ಕೆಲಸವೂ ನೆನಪಾಗಿ ಸ್ವಲ್ಪ ಕಸಿವಿಸಿ ಆಗತ್ತೆ. ನಾವೂ ಬಳಸುವವನ ಅನುಕೂಲವನ್ನೇ ಅಲ್ವಾ ಟೆಸ್ಟ್ ಮಾಡೋದು?

ಸರಾಯೆವೋದ ಪಿಸ್ತೂಲು ಜೆಸ್ವಿಟ್ ಪಾದ್ರಿಗಳ ಬಳಿ ದಶಕಗಟ್ಟಲೆ ಮರೆಯಲ್ಲಿ ಉಳಿಯಿತು. ಅಷ್ಟರಲ್ಲಿ ಎಷ್ಟೋ ಪುಸ್ತಕಗಳು ಅದು 1900ರ ಮಾಡೆಲ್ ಅಂತ ತಪ್ಪಾಗಿ ಬರೆದವು. 2004ರಲ್ಲಿ ಅದು ವಿಯೆನ್ನಾದ ಸೇನಾ ಇತಿಹಾಸ ಮ್ಯೂಸಿಯಂ ಸೇರಿತು. 1910ರ ಮಾಡೆಲ್, ನಂಬರ್ 19074. ನನ್ನ ಸಹೋದ್ಯೋಗಿಯಂಥವರ ನಂಬರ್ ಹುಚ್ಚು ಆಗ ನನಗೆ ಅರ್ಥವಾಯಿತು. ಅಜ್ಜಿಯ ಪಿಸ್ತೂಲಿನ ನಂಬರನ್ನು ಕೋಲ್ಟ್ ಕಂಪನಿಗೆ ಕಳಿಸಿ, ದುಡ್ಡು ಕಟ್ಟಿ, ಅದು ಕಾರ್ಖಾನೆ ಬಿಟ್ಟ ದಿನದ ಪತ್ರ ತರಿಸಿಟ್ಟಿದ್ದ. ಯಾರಿಗೂ ಕಾಣದಿರಲಿ ಅಂತ ಮಾಡಿದ ವಸ್ತುವಿಗೆ ಅವನು ವಿಳಾಸ ಕೊಡ್ತಿದ್ದ.

ಅಜ್ಜ ಈಗಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೇವೆ. ಆದರೆ ಅಜ್ಜನ ಟ್ರಂಕಿನಲ್ಲಿ, ಜಮೀನಿನ ಪಹಣಿ ಜೊತೆ, ಹಳೇ ಎಲೆಕ್ಷನ್‌ಗಳ ರಸೀದಿಗಳು ಇನ್ನೂ ಇವೆ. ಒಂದೊಂದರಲ್ಲೂ ಕೋವಿಯ ನಂಬರ್, ಅಜ್ಜನ ಹೆಸರು, ಊರು, ತಾರೀಖು.