ಓರೆಯಾಗಿ ನೋಡುವ ಪಾಠ ಶುರುವಾದ ಬಗೆ

ನಮ್ಮ ಬಳಗದ ಗೆಳೆಯನೊಬ್ಬನ ಅಜ್ಜಿಗೆ ಈಗ ಎಪ್ಪತ್ತೆಂಟು. ತುಮಕೂರು ಕಡೆಯ ಹಳ್ಳಿ. ಎರಡು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಆದರೂ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ ಎನ್ನುತ್ತಾರೆ. ಮುಖ ಇರಬೇಕಾದ ಕಡೆ ಮಸಿ ಮೆತ್ತಿದ ಹಾಗಿರುತ್ತದಂತೆ. ಅದೇ ಅಜ್ಜಿ ಜಗಲಿಯ ಮೂಲೆಯಲ್ಲಿ ಬಿದ್ದ ಹುಣಸೆ ಬೀಜ ಎತ್ತಿಕೊಳ್ಳುತ್ತಾರೆ, ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ಹೋಗಿ ಬರುತ್ತಾರೆ. "ಬೀಜ ಕಾಣ್ತದೆ, ಸೊಸೆ ಮುಖ ಮಾತ್ರ ಕಾಣಕ್ಕಿಲ್ವಂತೆ" ಎಂದು ಮನೆಯಲ್ಲೇ ಮಾತು ಹುಟ್ಟಿತು. ನಾಟಕ ಅಂದರು. ಅಜ್ಜಿ ಅತ್ತಿದ್ದು ಕಣ್ಣು ಹೋಯಿತೆಂದಲ್ಲ, ಆ ಮಾತಿಗೆ.

ಆಸ್ಪತ್ರೆಗೆ ಮತ್ತೆ ಕರೆದುಕೊಂಡು ಹೋದಾಗ, ಕಣ್ಣಿನ ಪರದೆಯ ನಡುಭಾಗ ಸವೆದಿದೆ, ಇನ್ನೇನೂ ಮಾಡಕ್ಕಾಗಲ್ಲ ಎಂದು ಕಳಿಸಿದರು. ಆ ಮಾತಿನ ಬೆನ್ನು ಹತ್ತಿ ನಾವು ಓದುತ್ತಾ ಹೋದೆವು. ಹಾಗೆ ಹೇಳಿ ಕಳಿಸುವುದು ನೂರು ವರ್ಷದ ಹಿಂದೆ ಎಲ್ಲ ದೇಶದಲ್ಲೂ ವಾಡಿಕೆಯಾಗಿತ್ತು. ಅದು ಹೇಗೆ ಬದಲಾಯಿತು ಎಂಬುದೇ ಇಲ್ಲಿನ ಕಥೆ.

ಮೊದಲು ಕಣ್ಣಿನ ವಿಷಯ ಸ್ವಲ್ಪ. ಈಗ ನೀವು ಮೊಬೈಲಿನಲ್ಲಿ ಓದುತ್ತಿರುವ ಈ ಪದದ ಮೇಲೆಯೇ ಕಣ್ಣು ನೆಟ್ಟು, ಎರಡು ಸಾಲು ಕೆಳಗಿನದನ್ನು ಓದಲು ನೋಡಿ. ಅಕ್ಷರ ಇದೆ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕಣ್ಣಿನ ಹಿಂದಿನ ಪರದೆಯಲ್ಲಿ ಸೂಕ್ಷ್ಮವಾಗಿ ನೋಡುವ ಜಾಗ ಬಹಳ ಚಿಕ್ಕದು. ಅದಕ್ಕೆ ಮ್ಯಾಕುಲಾ ಎನ್ನುತ್ತಾರೆ. ಅದರ ನಟ್ಟನಡುವಿನ, ಅತಿ ಚೂಪಾಗಿ ಕಾಣಿಸುವ ಚುಕ್ಕೆ ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಮಾತ್ರ ನೋಡುತ್ತದೆ. ಓದು, ಮುಖದ ಗುರುತು, ಸೂಜಿಗೆ ದಾರ ಎಲ್ಲ ಅದರ ಕೆಲಸ. ಸುತ್ತಲಿನ ಪರದೆ ನಡೆದಾಡಲು, ಪಕ್ಕದಲ್ಲಿ ಬರುವ ಎತ್ತಿನ ಗಾಡಿ ಗಮನಿಸಲು. ವಯಸ್ಸಾದವರಲ್ಲಿ ಮ್ಯಾಕುಲಾ ಸವೆಯುವುದು ಇದೆ, ಸಕ್ಕರೆ ಕಾಯಿಲೆಯಿಂದ ಅಲ್ಲಿ ನೀರು ತುಂಬುವುದೂ ಇದೆ. ಚಿಕ್ಕವರನ್ನೇ ಹಿಡಿಯುವ ಒಂದು ವಂಶವಾಹಿ ರೋಗವನ್ನು ಜರ್ಮನ್ ವೈದ್ಯ ಕಾರ್ಲ್ ಸ್ಟಾರ್‌ಗಾರ್ಟ್ 1909ರಲ್ಲಿ ವಿವರಿಸಿದ. ನಡುಭಾಗ ಹೋದರೂ ಅಂಚು ಉಳಿಯುತ್ತದೆ. ಹಾಗಾಗಿ ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ಬೀಜ ಅಂಚಿನ ಕಣ್ಣಿಗೆ ಬಿತ್ತು, ಸೊಸೆಯ ಮುಖ ನಡುವಿನ ಮಸಿಯಲ್ಲಿ ಮುಳುಗಿತು.

ನಮ್ಮಲ್ಲಿ ಕಣ್ಣಿನ ಚಿಕಿತ್ಸೆ ಎಂದರೆ ಪೊರೆ ತೆಗೆಸುವುದು ಎಂದೇ ಮನಸ್ಸಿನಲ್ಲಿ ಕೂತಿದೆ. ಅದಕ್ಕೂ ಕಾರಣವಿದೆ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಹಾಕಿ ಲೆಕ್ಕವಿಲ್ಲದಷ್ಟು ಜನರಿಗೆ ಪೊರೆ ತೆಗೆದವರು. ನಮ್ಮ ಹಿರಿಯರು ಈಗಲೂ ಅವರ ಹೆಸರು ಹೇಳಿ ಕೈ ಮುಗಿಯುತ್ತಾರೆ. 1976ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಗಮನವೂ ಬಹುಕಾಲ ಪೊರೆಯ ಮೇಲೆಯೇ ಇತ್ತು. ಪೊರೆ ತೆಗೆದರೆ ಮರುದಿನವೇ ಲೋಕ ಕಾಣುತ್ತದೆ. ಪರದೆ ಸವೆದರೆ ಹಾಗಲ್ಲ. ಪರದೆಯಲ್ಲಿ ರಕ್ತನಾಳ ಒಡೆದು ಸೋರುವ ಬಗೆಗೆ 2005-06ರಿಂದ ಕಣ್ಣಿಗೇ ಕೊಡುವ ಇಂಜೆಕ್ಷನ್ ಬಂದಿದೆ, ಬೇಗ ಹೋದರೆ ಇರುವ ನೋಟ ಉಳಿಯುತ್ತದೆ. ಒಣಗಿ ಸವೆದಿದ್ದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಉಳಿಯುವ ದಾರಿ ಕಲಿಕೆಯೊಂದೇ.

ಆದರೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕಲಿಕೆಯ ದಿಕ್ಕು ಪೂರಾ ತಿರುವಾಗಿತ್ತು. ಇರುವ ಅಲ್ಪಸ್ವಲ್ಪ ದೃಷ್ಟಿಯನ್ನು ಬಳಸಿದರೆ ಅದು ಖರ್ಚಾಗಿ ಹೋಗುತ್ತದೆ ಎಂದು ದೊಡ್ಡ ವೈದ್ಯರೇ ನಂಬಿದ್ದರು, ಡಬ್ಬಿಯೊಳಗಿನ ಬೆಲ್ಲ ಮುಗಿಯುವ ಹಾಗೆ. 1908ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ದೃಷ್ಟಿ ಬಹಳ ಕಡಿಮೆಯಿದ್ದ ಮಕ್ಕಳಿಗೆ ಬೇರೆ ತರಗತಿ ತೆರೆದರು. ಅಲ್ಲಿ ಪುಸ್ತಕ ಓದುವುದು ಆದಷ್ಟು ಕಡಿಮೆ. ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರ, ಉಳಿದದ್ದೆಲ್ಲ ಬಾಯಿಪಾಠ. 1913ರಲ್ಲಿ ಅಮೆರಿಕದ ಬಾಸ್ಟನ್ ಮತ್ತು ಕ್ಲೀವ್‌ಲ್ಯಾಂಡ್‌ನಲ್ಲೂ ಇಂಥ 'ದೃಷ್ಟಿ ಉಳಿಸುವ ತರಗತಿ'ಗಳು ಶುರುವಾದವು. ಅಂಧರ ಶಾಲೆಗಳಲ್ಲಿ ಇನ್ನೂ ಕಠಿಣ. ಸ್ವಲ್ಪ ಕಾಣುವ ಮಗು ಬ್ರೈಲ್ ಚುಕ್ಕಿಗಳನ್ನು ಬೆರಳಲ್ಲಿ ಮುಟ್ಟದೆ ಕಣ್ಣಲ್ಲೇ ಓದಿಬಿಡುತ್ತದೆ ಎಂದು ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು. ಕಾಣುವ ಮಗುವನ್ನು ಕಾಣದಂತೆ ಕೂರಿಸುವುದು! ಮಾಡಿದವರು ಕೆಟ್ಟವರಲ್ಲ, ಒಳ್ಳೆಯದಾಗಲೆಂದೇ ಮಾಡಿದರು. ಅದನ್ನು ಓದುವಾಗ ನಮಗೆ ಹೊಟ್ಟೆ ಚುರುಕ್ ಎಂದಿದ್ದು ನಿಜ.

ಈ ಗಂಟು ಬಿಡಿಸಿದವರಲ್ಲಿ ಮುಖ್ಯವಾದವರು ನಟಾಲಿ ಬರಾಗಾ ಎಂಬ ಮೇಡಮ್. ಟೆಕ್ಸಾಸ್‌ನವರು. ಅವರ ಮಗಳಿಗೇ ದೃಷ್ಟಿ ತೊಂದರೆ ಇತ್ತು. ಮಗಳು ಆಸ್ಟಿನ್ ನಗರದ ಅಂಧರ ಶಾಲೆಗೆ ಸೇರಿದಾಗ ತಾಯಿಯೂ ಅಲ್ಲೇ ಶಿಕ್ಷಕಿಯಾದರು. ಅಂಧರು ಎಂದು ಬರೆಸಿಕೊಂಡ ಎಷ್ಟೋ ಮಕ್ಕಳು ಆಟದ ಹೊತ್ತಿಗೆ ಏನನ್ನೋ ನೋಡುತ್ತಿರುವುದು ದಿನವೂ ಎದುರಿಗಿದ್ದರೆ ತಾಯಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವರು ಹತ್ತು ಮಕ್ಕಳನ್ನು ಆರಿಸಿ ಸುಮಾರು ಎರಡು ತಿಂಗಳು ನೋಡುವ ಪಾಠವನ್ನೇ ಹೇಳಿಕೊಟ್ಟರು. ಆಕಾರ ಗುರುತಿಸುವುದು, ಚಿತ್ರದಲ್ಲಿ ಬಿಟ್ಟುಹೋದದ್ದನ್ನು ಹೇಳುವುದು, ಹೀಗೆ. ಅದೇ ಮಟ್ಟದ ಇನ್ನೂ ಹತ್ತು ಮಕ್ಕಳಿಗೆ ಪಾಠವಿಲ್ಲ. ಕೊನೆಗೆ ಹೋಲಿಸಿದರೆ, ಚಾರ್ಟ್ ಇಟ್ಟು ಅಳೆದ ದೃಷ್ಟಿ ಹೆಚ್ಚಾಗಿರಲಿಲ್ಲ, ಆದರೆ ಕಲಿತ ಮಕ್ಕಳು ಅದೇ ದೃಷ್ಟಿಯಿಂದ ಹೆಚ್ಚು ಕೆಲಸ ತೆಗೆಯುತ್ತಿದ್ದರು. 1964ರಲ್ಲಿ ಇದು ಪುಸ್ತಕವಾಗಿ ಬಂತು. ಬಳಸಿದರೆ ಕಣ್ಣು ಸವೆಯುವುದಿಲ್ಲ, ಪಳಗುತ್ತದೆ ಎಂದು ಶಾಲೆಗಳು ಒಪ್ಪಲು ಶುರು ಮಾಡಿದವು.

ವಯಸ್ಸಾದವರ ಕಥೆ ಬೇರೆ ದಾರಿಯಲ್ಲಿ ಬಂತು, ಯುದ್ಧದ ದಾರಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1948ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಹೈನ್ಸ್‌ನಲ್ಲಿ ಮಾಜಿ ಸೈನಿಕರ ಪುನಶ್ಚೇತನ ಕೇಂದ್ರ ಶುರುವಾಯಿತು. ಮೊದಲು ಬಂದವರು ಹುಡುಗರು; ಬಿಳಿ ಕೋಲು ಹಿಡಿದು ನಡೆಯುವುದು ಅವರ ಪಾಠ. ವರ್ಷ ಉರುಳಿದಂತೆ ಸೈನಿಕರು ಮುದುಕರಾದರು. ಆಮೇಲೆ ಬಂದ ಹಲವರಿಗೆ ಗುಂಡೇಟಿನ ಅಂಧತ್ವವಲ್ಲ, ಮ್ಯಾಕುಲಾ ಸವೆತ. ಇವರಿಗೆ ಕೋಲು ಬೇಕಿರಲಿಲ್ಲ, ಮೊಮ್ಮಗನ ಕಾಗದ ಓದಬೇಕಿತ್ತು. ಅಷ್ಟರಲ್ಲಿ, 1953ರಲ್ಲಿ, ನ್ಯೂಯಾರ್ಕ್‌ನ ಲೈಟ್‌ಹೌಸ್ ಸಂಸ್ಥೆ ಮಂದದೃಷ್ಟಿಯವರಿಗೆಂದೇ ಕ್ಲಿನಿಕ್ ತೆರೆದು ಭೂತಗನ್ನಡಿ, ವಿಶೇಷ ಕನ್ನಡಕ ಕೊಡುತ್ತಿತ್ತು. ಆದರೆ ಎದುರಿಗೇ ಮಸಿ ಇದ್ದವನಿಗೆ ಬರೀ ಭೂತಗನ್ನಡಿ ಕೊಟ್ಟರೆ ದೊಡ್ಡ ಅಕ್ಷರವೂ ಆ ಮಸಿಯೊಳಗೇ ಹೋಗುತ್ತದೆ.

ಸ್ವೀಡನ್ನಿನ ಕ್ರಿಸ್ಟರ್ ಇಂಡೆಗೆ ಇದು ಪುಸ್ತಕದ ಬದನೆಕಾಯಿ ಆಗಿರಲಿಲ್ಲ. ಅವರ ಸ್ವಂತ ಕಣ್ಣಿನ ನಡುದೃಷ್ಟಿ ಯೌವನದಲ್ಲೇ, ಲೇಬರ್ ಎಂಬ ನರದ ಕಾಯಿಲೆಯಿಂದ ಹೋಗಿತ್ತು. ಎದುರಿನ ವಸ್ತುವಿನ ಮೇಲೆ ನೇರ ಕಣ್ಣಿಡದೆ ಸ್ವಲ್ಪ ಪಕ್ಕಕ್ಕೆ, ಇಲ್ಲವೇ ಮೇಲಕ್ಕೆ ನೋಡಿದರೆ ಮಸಿ ಸರಿದು ಅಂಚಿನ ಪರದೆಗೆ ಚಿತ್ರ ಬೀಳುತ್ತದೆ. ಅವರು ಓರ್ಯಾನ್ ಬೆಕ್‌ಮನ್ ಜೊತೆ ಸೇರಿ ಇದನ್ನು ಹಂತಹಂತವಾಗಿ ಕಲಿಸುವ ಬಗೆ ಬರೆದರು. 1979ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ನಮ್ಮ ರೈತರಿಗೆ ಇದು ಪೂರಾ ಹೊಸದಲ್ಲ. ಕೃತ್ತಿಕೆ ಗುಂಪನ್ನು ದಿಟ್ಟಿಸಿ ನೋಡಿದರೆ ಕೆಲವೇ ಚುಕ್ಕೆ, ಸ್ವಲ್ಪ ಪಕ್ಕಕ್ಕೆ ಕಣ್ಣಿಟ್ಟರೆ ಇನ್ನೂ ಒಂದೆರಡು ಮಿನುಗುತ್ತವೆ. ಮಂದ ಬೆಳಕಿಗೆ ಪರದೆಯ ಅಂಚೇ ಚುರುಕು. ಆದರೆ ಅಕ್ಷರದ ವಿಷಯದಲ್ಲಿ ಅಂಚು ಮೊದ್ದು, ಅದಕ್ಕೆ ದೊಡ್ಡ ಅಕ್ಷರ ಬೇಕು. ಹಾಗಾಗಿ ಓರೆನೋಟ ಮತ್ತು ಭೂತಗನ್ನಡಿ ಎರಡೂ ಒಟ್ಟಿಗೆ ಕೆಲಸ ಮಾಡಬೇಕು.

ಪಾಠ ಹೀಗಿರುತ್ತದೆ. ದೊಡ್ಡ ಗಡಿಯಾರದ ಚಿತ್ರದ ನಡುವೆ ಒಂದು ಗುರುತು. ಒಂದೊಂದೇ ಅಂಕಿಯ ಕಡೆ ನೋಡುತ್ತಾ, ಯಾವ ಅಂಕಿ ನೋಡುವಾಗ ನಡುವಿನ ಗುರುತು ಚೆನ್ನಾಗಿ ಕಾಣುತ್ತದೆ ಎಂದು ಹುಡುಕಬೇಕು. ಸಿಕ್ಕಿದ ದಿಕ್ಕೇ ಅವರ ಹೊಸ 'ನಡು'. ಆಮೇಲೆ ಒಂದೊಂದು ದೊಡ್ಡ ಅಕ್ಷರ, ಚಿಕ್ಕ ಪದ, ಸಾಲು. ಓದುವಾಗ ಕಣ್ಣು ಓಡಿಸುವ ಬದಲು ಕಣ್ಣು ಕದಲಿಸದೆ ಕಾಗದವನ್ನೇ ಎಡಕ್ಕೆ ಸರಿಸುವುದು. ಕನ್ನಡಕ್ಕೆ ಇದು ಇನ್ನೂ ಕಷ್ಟ ಎಂದು ನಮಗನಿಸುತ್ತದೆ: 'ಪ'ಕ್ಕೂ 'ಷ'ಕ್ಕೂ ಇರುವುದು ಒಂದು ಗೀರಿನ ಅಂತರ, ಒತ್ತಕ್ಷರವಂತೂ ಸಾಲಿನ ಕೆಳಗೆ ಅಡಗಿ ಕೂತಿರುತ್ತದೆ.

ಇದೆಲ್ಲ ನಿಜವೋ ಮನಸ್ಸಿನ ಸಮಾಧಾನವೋ ಎಂಬ ಅನುಮಾನ ಇದ್ದೇ ಇತ್ತು. 1980ರ ದಶಕದಲ್ಲಿ ಲೇಸರ್ ಯಂತ್ರದಿಂದ ಪರದೆಯನ್ನು ನೋಡುತ್ತಲೇ ಅದರ ಮೇಲೆ ಅಕ್ಷರ ಮೂಡಿಸಲು ಸಾಧ್ಯವಾಯಿತು. ಓದುವಾಗ ರೋಗಿ ಪರದೆಯ ಯಾವ ತುಂಡನ್ನು ಬಳಸುತ್ತಾನೆ ಎಂದು ಆಗ ಕಣ್ಣಾರೆ ಕಂಡಿತು. ಹಲವರು ಯಾರೂ ಹೇಳಿಕೊಡದೆಯೇ ತಮ್ಮ ಜಾಗ ಹುಡುಕಿಕೊಂಡಿರುತ್ತಾರೆ ಎಂಬುದೂ ತಿಳಿಯಿತು. 2008ರಲ್ಲಿ ಮ್ಯಾಕುಲಾ ತೊಂದರೆಯಿದ್ದ 126 ಮಾಜಿ ಸೈನಿಕರ ಮೇಲಿನ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ವಾರವಾರ ಪಾಠ, ಮನೆಗೆ ಭೇಟಿ, ಮನೆಗೆಲಸ; ಇನ್ನೊಂದು ಗುಂಪು ಸರದಿಯಲ್ಲಿ ಕಾಯುತ್ತಿತ್ತು. ಕಲಿತವರ ಓದು ಸ್ಪಷ್ಟವಾಗಿ ಸುಧಾರಿಸಿತು, ಕಾದವರದು ಇಲ್ಲ. ಅದೇ ತಂಡ ಆಮೇಲೆ 323 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ದೃಷ್ಟಿ ಅಷ್ಟೇನೂ ಕೆಡದವರಿಗೆ ಒಳ್ಳೆಯ ಸಾಧನ ಕೊಟ್ಟು ಬಳಕೆ ತೋರಿಸಿದರೂ ಸಾಕಾಗುತ್ತದೆ, ಹೆಚ್ಚು ಕೆಟ್ಟವರಿಗೆ ಪೂರ್ತಿ ಪಾಠದ ಲಾಭ ಎಂದು ಕಂಡಿತು. ಈ ಎರಡನೆಯದೇ ನಮಗೆ ಹೆಚ್ಚು ಹಿಡಿಸಿತು. ಎಲ್ಲರಿಗೂ ವಾರಗಟ್ಟಲೆ ಪಾಠ ಕೊಡಲಾಗದ ನಮ್ಮಂಥ ಕಡೆ ಯಾರಿಗೆ ಎಷ್ಟು ಎಂದು ಅದು ಹೇಳುತ್ತದೆ.

ಭಾರತದಲ್ಲಿ 1995ರ ಅಂಗವಿಕಲರ ಕಾಯ್ದೆ 'ಮಂದದೃಷ್ಟಿ'ಯನ್ನು ಅಂಧತ್ವದಿಂದ ಬೇರೆಯಾಗಿ ಹೆಸರಿಸಿತು, 2016ರ ಕಾಯ್ದೆಯ 21 ಬಗೆಗಳಲ್ಲೂ ಅದು ಇದೆ. ಹೈದರಾಬಾದಿನ ಎಲ್.ವಿ. ಪ್ರಸಾದ್, ಮದುರೆಯ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯದಂಥ ಆಸ್ಪತ್ರೆಗಳಲ್ಲಿ ಇದಕ್ಕೆ ಬೇರೆ ವಿಭಾಗಗಳಿವೆ. ದೊಡ್ಡ ಕಣ್ಣಾಸ್ಪತ್ರೆಗೆ ಹೋದಾಗ 'ಲೋ ವಿಷನ್ ಕ್ಲಿನಿಕ್ ಇದೆಯಾ' ಎಂದು ನೀವೇ ಬಾಯಿ ಬಿಟ್ಟು ಕೇಳಬೇಕು. ನಮಗೆ ಈ ಪದ ಗೊತ್ತಿರಲಿಲ್ಲ, ಹಾಗಾಗಿ ಕೇಳಲಿಲ್ಲ.

ಇನ್ನೊಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಜಿನೀವಾದ ಚಾರ್ಲ್ಸ್ ಬಾನೆಟ್ 1760ರಲ್ಲೇ ತನ್ನ ತಾತನ ಬಗ್ಗೆ ಬರೆದಿದ್ದ. ಕಣ್ಣು ಮಂಜಾದ ಆ ತಾತನಿಗೆ ಇಲ್ಲದ ಹೆಂಗಸರು, ಗಂಡಸರು, ಹಕ್ಕಿಗಳು ಕಾಣುತ್ತಿದ್ದವು. ಅವು ನಿಜವಲ್ಲ ಎಂದು ತಾತನಿಗೂ ಗೊತ್ತಿತ್ತು. ಕಣ್ಣಿನಿಂದ ಸುದ್ದಿ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಮ್ಯಾಕುಲಾ ಹೋದವರಲ್ಲಿ ಇದು ಅಪರೂಪವಲ್ಲ. ನಮ್ಮಲ್ಲಿ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ, ಇಲ್ಲವೇ ಅರಳುಮರಳು ಎಂದು ನಗುತ್ತಾರೆ. ಆ ಭಯಕ್ಕೆ ಎಷ್ಟೋ ಹಿರಿಯರು ಹೇಳಿಕೊಳ್ಳುವುದೇ ಇಲ್ಲ. ಅಜ್ಜಿಯನ್ನು ಮೆಲ್ಲಗೆ ಕೇಳಿದೆವು. ಸಂಜೆ ಹೊತ್ತು ಗೋಡೆಯ ಮೇಲೆ ಹೂವಿನ ಬಳ್ಳಿ ಹಬ್ಬುತ್ತದೆ ಎಂದರು. ಒಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಡಿಯಾರ ಬರೆದು ಗೆಳೆಯನೇ ಅಜ್ಜಿಯ ಮುಂದೆ ಹಿಡಿದ. ಇದು ಕ್ಲಿನಿಕ್ಕಿನ ಪಾಠಕ್ಕೆ ಸಮವಲ್ಲ, ಮುಂದಿನ ತಿಂಗಳು ಅಲ್ಲಿಗೂ ಹೋಗುವುದಿದೆ. ಎರಡು ಗಂಟೆಯ ಕಡೆ ನೋಡಿದರೆ ನಡುವಿನ ಗುರುತು ಕಾಣುತ್ತದೆ ಎಂದರು. ಅನ್ನ ಈಗ ಬಿಳಿ ತಟ್ಟೆಯಲ್ಲಿ ಬಡಿಸುವುದಿಲ್ಲ, ಬಾಳೆಲೆಯಲ್ಲಿ. ಹಸಿರಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ಮೊನ್ನೆ ಸೊಸೆ ಎದುರಿಗೆ ಬಂದು ನಿಂತಾಗ ಅಜ್ಜಿ ಅವರ ಎಡಗಿವಿಯ ಮೇಲಕ್ಕೆ, ಬಾಗಿಲ ಚೌಕಟ್ಟಿನ ಕಡೆ ಕಣ್ಣಿಟ್ಟು ಒಂದು ಗಳಿಗೆ ಸುಮ್ಮನಿದ್ದರು. "ಮೂಗುಬೊಟ್ಟು ಬದಲಾಯಿಸಿದ್ದೀಯಲ್ಲೇ, ಯಾವಾಗ?" ಎಂದರು. ಬದಲಾಯಿಸಿ ಎಂಟು ತಿಂಗಳಾಗಿತ್ತು.