ಅಟ್ಟದ ಮ್ಯಾಲಿನ ಒಂಟಿ ರಿಕಾಬು

ಹೋದ ಸಲ ಗುರೆಳ್ಳ ಚಟ್ನಿ ಬಗ್ಗೆ ಬರದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಅಟ್ಟ ಹತ್ತೀನಿ. ದಸರಾಕ್ಕ ಮನಿ ಸಾರಸೋ ಮುಂದ ಅಟ್ಟದ ಮೂಲ್ಯಾಗ ಒಂದು ಗೋಣಿಚೀಲ ಸಿಕ್ತು. ಒಳಗ ಒಣಗಿ ಕಟಗಿ ಆದ ತೊಗಲಿನ ಪಟ್ಟಿ, ಜಂಗ ಹಿಡದ ಕಬ್ಬಣದ ತುಂಡು, ಇಲಿ ಕಡದ ಒಂದು ದಪ್ಪನ ಹಾಸು. ನನ್ನ ಸೊಸಿ "ಅತ್ತಿ, ಗುಜರಿಯಂವ ಬಂದಾನ, ಕೊಟ್ಟಬಿಡೂಣೇನು?" ಅಂದ್ಲು. ನಾನೂ ಹೂಂ ಅನ್ನಾಕ ಬಾಯಿ ತಗದಿದ್ದೆ.

ಅಷ್ಟರಾಗ ಕಟ್ಟಿ ಮ್ಯಾಲೆ ಕುಂತ ನಮ್ಮ ಅತ್ತಿಯವರು, ಎಂಬತ್ತನಾಲ್ಕು ವರ್ಷದವರು, ಮುಂಜಾನೆ ಏನು ಉಂಡೆ ಅನ್ನೋದೂ ನೆನಪಿರದವರು, ಕೈ ಚಾಚಿ ಒಂದೊಂದೇ ತಗೊಂಡು ಹೆಸರು ಹೇಳಾಕ ಚಾಲೂ ಮಾಡಿದ್ರು. "ಇದು ತಂಗು. ಇದು ದುಮಚಿ. ಇದು ಕಡಿವಾಣ. ಇದು ರಿಕಾಬು." ಅವರ ಅಜ್ಜಿ-ಮಾವ ಕುದುರಿ ಸಾಕಿದವರಂತ. ನನಗ ಮೈ ಜುಮ್ಮ ಅಂತು. ಸೊಸಿ ಗುಜರಿಯವನ್ನ ಕಳಿಸಿ, ವಹಿ ತಂದು ಬರಕೊಳ್ಳಾಕ ಕುಂತ್ಲು. ಅದನ್ನ ನಿಮಗೂ ಹೇಳತೀನಿ.

ಮೊದಲು ಬೆನ್ನ ಮ್ಯಾಲಿಂದು. ಕುದುರಿ ಬೆನ್ನಿಗೆ ನೇರ ಬರೋದು ಖೋಗೀರ, ಅಂದ್ರ ಒಳಗ ತುಂಬಿ ಹೊಲದ ಮೆತ್ತನ ಹಾಸು. ಬೆವರು ಹೀರತೈತಿ, ಬೆನ್ನು ಕೆತ್ತದಂಗ ಕಾಯತೈತಿ. ಮರಾಠಿಯೊಳಗ ಬರೇ ಜಾಗಾ ತುಂಬಾಕ ಸೇರಿಸಿದ ನಿರುಪಯೋಗಿ ಮಂದಿಗೆ 'ಖೋಗೀರಭರತಿ' ಅಂತಾರಲ್ಲ, ಅದು ಈ ಹಾಸಿನೊಳಗ ತುರುಕೋ ಚಿಂದಿಯಿಂದ ಬಂದ ಮಾತು. ಇದರ ಮ್ಯಾಲೆ ಜೀನು, ಸವಾರ ಕೂಡೋ ಗಾದಿ. ಜೀನು ಮಾಡವರು ಜೀನಗಾರರು. ಆ ಅಡ್ಡಹೆಸರಿನವರು ನಮ್ಮ ಕಡೆ ಇನ್ನೂ ಅದಾರ. ಜೀನಿನ ಕೆಲಸ ಹೋದ ಮ್ಯಾಲೆ ಬ್ಯಾರೆ ಕಸಬು ಹಿಡದ್ರು, ಹೆಸರಷ್ಟ ಉಳೀತು.

ಜೀನು ಸರೀದಂಗ ಹೊಟ್ಟಿ ಕೆಳಗಿಂದ ಬಿಗಿಯೋ ಪಟ್ಟಿ ತಂಗು. ಕುದುರಿ ಭಾಳ ಶಾಣ್ಯಾ ಪ್ರಾಣಿ ಅಂತ. ತಂಗು ಬಿಗಿಯೋ ಮುಂದ ಹೊಟ್ಟಿ ಉಬ್ಬಿಸಿ ನಿಂದರತೈತಿ. ಆಮ್ಯಾಲೆ ಉಸುರು ಬಿಟ್ರ ಪಟ್ಟಿ ಸಡಲ. ಹಂಗ ಹತ್ತಿದ್ರ ಜೀನು ತಿರುಗಿ ಸವಾರ ಹೊಟ್ಟಿ ಕೆಳಗ! ಅದಕ್ಕ ನಾಕು ಹೆಜ್ಜಿ ನಡಸಿ ಇನ್ನೊಮ್ಮಿ ಬಿಗೀಬೇಕು. ದುಮಚಿ ಬಾಲದ ಬುಡಕ್ಕ ಹಾಕೋ ಪಟ್ಟಿ. 'ದುಮ್' ಅಂದ್ರ ಬಾಲ. ಗಜೇಂದ್ರಗಡದ ಗುಡ್ಡ ಇಳಿಯೋ ಮುಂದ ಜೀನು ಕುದುರಿ ಕುತಗಿ ಮ್ಯಾಲೆ ಜಾರದಂಗ ಹಿಂದಿನಿಂದ ಜಗ್ಗಿ ಹಿಡಿಯೋದು ಇದ.

ಕಡಿವಾಣ ಅಂದ್ರ ಬಾಯಾಗಿನ ಕಬ್ಬಣ. ಹಲ್ಲು ಮುರಿಯೂದಿಲ್ಲೇನು ಅಂತ ನಾ ಕೇಳಿದೆ. ಕುದುರಿಗೆ ಮುಂದಿನ ಹಲ್ಲಿಗೂ ಹಿಂದಿನ ದವಡಿ ಹಲ್ಲಿಗೂ ನಡುವ ಬರೇ ವಸಡಿನ ಜಾಗಾ ಇರತೈತಿ, ಕಡಿವಾಣ ಅಲ್ಲಿ ಕೂಡತೈತಿ. ಅದಕ್ಕ ಕಟ್ಟಿ ಸವಾರನ ಕೈಯಾಗ ಬರೋ ಪಟ್ಟಿ ಲಗಾಮು. ಜೋರ ಜಗ್ಗಿದ್ರ ವಸಡಿಗೆ ನೋವು, ಹಗರ್ಕ ಹಿಡದ್ರ ಬರೇ ಸನ್ನಿ. "ಬಾಯಿಗೆ ಲಗಾಮ ಇಲ್ಲ" ಅಂತ ನಾವು ಬೈತೀವಲ್ಲ, ಅದರ ಹಿಂದ ಇಷ್ಟು ಕತಿ ಐತಿ ಅಂತ ಗೊತ್ತ ಇರಲಿಲ್ಲ.

ತೋಬ್ರಿ ಅಂದ್ರ ಮಾರಿಗೆ ಕಟ್ಟೋ ಹುಳ್ಳಿ ಚೀಲ. ನಾವು ಸಾರು ಮಾಡೋ ಹುಳ್ಳಿನ ನೆನಸಿ ಕುದುರಿಗೆ ಹಾಕತಿದ್ರು. ಇನ್ನ ನಾಲಾ, ಪುಸ್ತಕದ ಮಾತಿನ್ಯಾಗ ಲಾಳ, ನಮ್ಮ ಎತ್ತಿಗೂ ಹೊಡಸತೀವಿ. ಎತ್ತಿನ ಗೊರಸು ಸೀಳಿರತೈತಿ, ಅದಕ್ಕ ಎರಡು ತುಂಡು. ಕುದುರಿದು ಇಡೀ ಗೊರಸು, ಅದಕ್ಕ ಒಂದ.

ಇನ್ನ ರಿಕಾಬು, ಕಾಲು ಇಡೋ ಕಬ್ಬಣದ ಬಳಿ. ಅದರಾಗ ಪಾದದ ಮುಂದಿನ ಭಾಗ ಅಷ್ಟ ಇಡಬೇಕು. ಇಡೀ ಪಾದ ತೂರಿಸಿದ್ರ, ಬಿದ್ದಾಗ ಕಾಲು ಸಿಕ್ಕೊಂಡು ಕುದುರಿ ಎಳಕೊಂಡ ಹೋಗತೈತಿ. ಹತ್ತೋದು ಯಾವಾಗಲೂ ಎಡಕಿನಿಂದ. ಕತ್ತಿ ಎಡಸೊಂಟಕ್ಕ ಇರತಿತ್ತಲ್ಲ, ಬಲಕಿನಿಂದ ಹತ್ತಿದ್ರ ಕತ್ತಿ ಕಾಲಿಗೆ ತೊಡಕತಿತ್ತು.

ಈ ಹೆಸರು ನೋಡ್ರಿ, ಜೀನು, ಲಗಾಮು, ರಿಕಾಬು ಎಲ್ಲಾ ಪಾರ್ಸಿ, ಅರಬ್ಬಿ ಮಾತು. ಹಂಗಾದ್ರ ಕನ್ನಡದಾಗ ಇರಲಿಲ್ಲೇನು? ಇದ್ದವು. ಜೀನಿಗೆ ಹಲ್ಲಣ, ರಿಕಾಬಿಗೆ ಅಂಕವಣೆ, ಸವಾರಗ ರಾವುತ. ಆದ್ರ ನಮ್ಮ ನಾಡಿನ್ಯಾಗ ಒಳ್ಳೆ ಕುದುರಿ ಹುಟ್ಟತಿದ್ದದ್ದು ಕಡಿಮಿ. ವಿಜಯನಗರದವರೂ ಅರಬಸ್ತಾನದ ಕಡೆಯಿಂದ ಹಡಗಿನ್ಯಾಗ ತರಸತಿದ್ರು. ಆಮ್ಯಾಲೆ ಬಹಮನಿ, ವಿಜಾಪುರದ ಆದಿಲಶಾಹಿ, ಮರಾಠರ ರಾಜ್ಯ ಬಂದ್ವು. ಅವರ ಪಾಗಾದ ಮಾತು ನಮ್ಮ ನಾಲಿಗಿಗೆ ಬಂತು. ಕಡಿವಾಣ ಮಾತ್ರ ಬಿಡದ ಉಳಕೊಂತು.

ಮರಾಠರ ದಂಡಿನ್ಯಾಗ ಎರಡು ಥರದ ಸವಾರರು. ಸರಕಾರದ ಕುದುರಿ, ಸರಕಾರದ ಜೀನು ಹತ್ತವರು ಬಾರಗೀರರು. ಸ್ವಂತ ಕುದುರಿ, ಸ್ವಂತ ಸಾಮಾನು ತರವರು ಶಿಲೇದಾರರು. ಶಿಲೇದಾರಗ ಪಗಾರ ಹೆಚ್ಚು, ಮಾನ ಹೆಚ್ಚು. ಆದ್ರ ಕುದುರಿ ಸತ್ರ ಲುಕ್ಸಾನ ಮನಿದು. ಆ ಕುದುರಿ, ಆ ಜೀನು ಕೊಳ್ಳಾಕ ಯಾವ ಹೆಣ್ಣಮಗಳ ಕೊಳ್ಳಾಗಿನ ಬಂಗಾರ ಒತ್ತಿ ಬಿದ್ದಿತ್ತೋ, ಯಾವ ಇತಿಹಾಸದಾಗೂ ಬರದಿಲ್ಲ.

ನಮ್ಮ ಸೀಮಿ ಕುದುರಿ ಕಾಲಾಗ ತುಳದ ಸೀಮಿ. ನನ್ನ ತವರ ನರಗುಂದದ ಗುಡ್ಡದ ಮ್ಯಾಲೆ ಶಿವಾಜಿ ಮಹಾರಾಜರು 1674ರಾಗ ಕೋಟಿ ಕಟ್ಟಿಸಿದ್ರು. 1785ರಾಗ ಟಿಪ್ಪುವಿನ ದಂಡು ಅದನ್ನ ತಗೊಂತು. ಆ ಯುದ್ಧ ಮುಗದದ್ದು 1787ರಾಗ, ನಮ್ಮ ಗಜೇಂದ್ರಗಡದ ಒಪ್ಪಂದದಿಂದ. ನರಗುಂದ, ಕಿತ್ತೂರು, ಬಾದಾಮಿ ತಿರುಗಿ ಮರಾಠರ ಕಡೆ ಹೋದ್ವು. ಗಜೇಂದ್ರಗಡ ಘೋರ್ಪಡೆಯವರ ಊರು, ನರಗುಂದ ಭಾವೆಯವರದು.

ಆಮ್ಯಾಲಿನ ಕತಿ ನಿಮಗೆಲ್ಲಾ ಗೊತ್ತೈತಿ. ಭಾಸ್ಕರರಾವ ಭಾವೆ, ನಮ್ಮ ಬಾಬಾಸಾಹೇಬರಿಗೆ ಮಕ್ಕಳಿರಲಿಲ್ಲ. ದತ್ತಕ ತಗೊಳ್ಳಾಕ ಇಂಗ್ರೀಜರು ಒಪ್ಪಲಿಲ್ಲ. ಮ್ಯಾಲೆ ಹತಾರ ಒಪ್ಪಸರಿ ಅಂತ ಹುಕುಮು ಬ್ಯಾರೆ. 1858ರ ಮೇ 29ರ ರಾತ್ರಿ ಸುರೇಬಾನದಾಗ ಮ್ಯಾನ್ಸನ್ ಸಾಹೇಬನ ಕೊಲಿ ಆತು. ನಾಕು ದಿನದಾಗ ನರಗುಂದ ಬಿತ್ತು. ಬಾಬಾಸಾಹೇಬರ ತಾಯಿ ಮತ್ತ ಹೆಂಡ್ತಿ ಮಲಪ್ರಭಾ ಹೊಳಿಗೆ ಹಾರಿ ಜೀವ ಬಿಟ್ರು. ಜೂನ್ 12ಕ್ಕ ಬೆಳಗಾವಿಯೊಳಗ ಬಾಬಾಸಾಹೇಬರಿಗೆ ಗಲ್ಲು ಹಾಕಿದ್ರು. ಸಂಸ್ಥಾನ ಮುಗೀತು. ಕತ್ತಿ-ಬಂದೂಕು ಇಂಗ್ರೀಜರು ಹುಡುಕಿ ಹುಡುಕಿ ಒಯ್ದರು. "ಕತ್ತಿ ಒಯ್ದರು, ಜೀನು ಬಿಟ್ಟು ಹೋದ್ರು. ಜೀನಿಂದ ಯಾರನ್ನ ಹೊಡ್ಯಾಕ ಬರತೈತಿ?" ಅಂತ ಅತ್ತಿಯವರ ಅಜ್ಜಿ ಹೇಳತಿದ್ರಂತ.

ಇಷ್ಟು ಬರಕೊಂಡ ಮ್ಯಾಲೆ ಸೊಸಿ ಕೇಳಿದ್ಲು, "ರಿಕಾಬು ಎರಡು ಇರಬೇಕಲ್ರಿ, ಇನ್ನೊಂದು ಎಲ್ಲಿ?"

ನನ್ನ ಎದಿ ಧಸಕ್ಕ ಅಂತು. ಆಕಿ ಗಂಡ ಸಣ್ಣಾಂವ ಇದ್ದಾಗ, ಹಿತ್ತಲದಾಗ ಬಿದ್ದಿದ್ದ ಒಂದು ಕಬ್ಬಣದ ಬಳಿ ಮತ್ತ ಹಳೀ ಕುರಪಿ ಕೊಟ್ಟು, ಭಾಂಡೆದವಳ ಕಡೆಯಿಂದ ಎರಡು ಸ್ಟೀಲ್ ವಾಟಗ ತಗೊಂಡಿದ್ದೆ. ಚೌಕಾಶಿ ಮಾಡಿ ಗೆದ್ದೆ ಅಂತ ಖುಷಿ ಬ್ಯಾರೆ ಪಟ್ಟಿದ್ದೆ. ಅದು ಏನು ಅಂತ ಯಾರನ್ನೂ ಕೇಳಿರಲಿಲ್ಲ. ಇವತ್ತು ತಪ್ಪಾತ್ರಿ ಅಂತ ಅತ್ತಿಯವರ ಮುಂದ ಹೇಳಿಬಿಟ್ಟೆ.

ಅವರು ನಕ್ಕರು. "ನನಗ ಅವತ್ತ ಗೊತ್ತಾಗಿತ್ತು ಬಿಡವಾ. ಅದ ವಾಟಗದಾಗ ನಾನೂ ಚಾ ಕುಡದೇನಲ್ಲ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಇಬ್ಬರದೂ ತಪ್ಪು."

ಈ ಸಲ ಖಂಡೇಪೂಜಿಗೆ ಕುಡಗೋಲು, ಹೊಲಿಗಿ ಮಷೀನಿನ ಬಾಜೂಕ ಆ ಒಂಟಿ ರಿಕಾಬನ್ನೂ ಹುಣಚಿಹಣ್ಣು ಹಚ್ಚಿ ತಿಕ್ಕಿ ಇಟ್ಟೀವಿ. ಪ್ರತಿಯೊಂದಕ್ಕೂ ಸೊಸಿ ಚೀಟಿ ಕಟ್ಯಾಳ. ನಿಮ್ಮನಿ ಅಟ್ಟದಾಗೂ ಇಂಥಾದ್ದು ಇದ್ರ, ಗುಜರಿಯವನ ತಕ್ಕಡಿಗೆ ಹಾಕೋ ಮೊದಲು ಮನ್ಯಾಗಿನ ಹಿರೇರ ಕೈಯಾಗ ಒಮ್ಮಿ ಕೊಟ್ಟು ನೋಡ್ರಿ. ಅವರು ಹೇಳೋ ಹೆಸರು ಬರದಿಡ್ರಿ. ನನಗೂ ತಿಳಸ್ರಿ, ನಮ್ಮ ವಹಿಯೊಳಗ ಇನ್ನೂ ಹಾಳಿ ಖಾಲಿ ಅದಾವ.