ಅರಿಯದ ನುಡಿಯ ನಾಡಿಗೆ ಮೊದಲ ಯಾತ್ರೆ

ತನ್ನ ನುಡಿಯನ್ನು ಅಲ್ಲಿಯವರು ಅರಿಯದ, ಅಲ್ಲಿಯವರ ನುಡಿಯನ್ನು ತಾನೂ ಅರಿಯದ ಒಂದು ದೇಶಕ್ಕೆ ಮೊದಲ ಬಾರಿ ವಿಹಾರಾರ್ಥವಾಗಿ ಹೊರಡಲೆಣಿಸಿದವನಿಗೆ, ಹಣದ ಚಿಂತೆ, ರಹದಾರಿಯ ಚಿಂತೆ, ಹವೆಯ ಚಿಂತೆಗಳೆಲ್ಲವೂ ಒಂದೊಂದಾಗಿ ತೀರಿದ ಮೇಲೂ ಒಂದು ಅಳುಕು ಉಳಿದೇ ಉಳಿಯುತ್ತದೆ. ಹಸಿದಾಗ ಅನ್ನವನ್ನು ಏನೆಂದು ಕೇಳಬೇಕು, ದಾರಿ ತಪ್ಪಿದಾಗ ಯಾರನ್ನು ಹೇಗೆ ವಿಚಾರಿಸಬೇಕು, ಅಂಗಡಿಯವನು ಹೇಳಿದ ಬೆಲೆಯನ್ನು ಹೇಗೆ ತಿಳಿಯಬೇಕು ಎಂಬ ಈ ಅಳುಕು ಅತಿ ಪ್ರಾಚೀನವಾದುದು. ಅದನ್ನು ಕಳೆದುಕೊಳ್ಳುವುದಕ್ಕಾಗಿ ಮನುಷ್ಯನು ಕಾಲಕಾಲಕ್ಕೆ ಮಾಡಿಕೊಂಡ ಸಿದ್ಧತೆಗಳಿಗೆ ತಮ್ಮದೇ ಆದ ಒಂದು ಚರಿತ್ರೆಯುಂಟು. ಆ ಚರಿತ್ರೆಯನ್ನು ತುಸು ನಿಧಾನವಾಗಿ ಅವಲೋಕಿಸಿದವನಿಗೆ, ಹೊರಡುವ ಮುನ್ನ ಏನನ್ನು ಕಲಿಯಬೇಕು, ಏಕೆ ಕಲಿಯಬೇಕು ಎಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ಕನ್ನಡಿಗರಿಗೆ ಈ ಚರಿತ್ರೆಯ ಮೊದಲ ಪುಟವೇ ಪ್ರಿಯವಾಗತಕ್ಕುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ಸೊಂದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂ ಮಹಾಸಾಗರದ ತೀರದ ಅರಸನೊಬ್ಬನ ಸೆರೆಯಲ್ಲಿರುವ ಕ್ಯಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಅವಳ ಕಡೆಯವರು, ಅರಸನಿಗೂ ಅವನ ಪರಿವಾರಕ್ಕೂ ಮದ್ಯವನ್ನು ಕುಡಿಸಿ ಮೈಮರೆಸಿ, ಹಡಗನ್ನೇರಿಸಿ ಬಿಡಿಸಿಕೊಂಡು ಹೋಗುವುದು ಅದರ ವಸ್ತು. ಅರಸನೂ ಅವನ ಜನರೂ ಅಲ್ಲಿ ತಮ್ಮದೇ ನುಡಿಯಲ್ಲಿ ಮಾತನಾಡುತ್ತಾರೆ. ಆ ನುಡಿ ಕನ್ನಡವಿರಬಹುದೆಂದು ಜರ್ಮನಿಯ ಶಾಸನತಜ್ಞ ಹುಲ್ಟ್ಸ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಆ ವಿವಾದವು ಹೇಗಾದರೂ ತೀರಲಿ, ದೂರದ ಕರಾವಳಿಯೊಂದರಲ್ಲಿ ಇಳಿದು ಅಲ್ಲಿಯ ಮಾತು ತಿಳಿಯದೆ ತಬ್ಬಿಬ್ಬಾಗುವ ಪಯಣಿಗನ ಪಾಡು ನಾಟಕಕ್ಕೆ ವಸ್ತುವಾಗುವಷ್ಟು ಸರ್ವಪರಿಚಿತವಾಗಿತ್ತೆಂಬುದಂತೂ ಅದರಿಂದ ಸ್ಪಷ್ಟವಾಗುತ್ತದೆ.

ಆ ಪಾಡಿಗೆ ಈಡಾಗಬಾರದೆಂದು ಮೊದಲೇ ಯೋಚಿಸಿ ನಡೆದವರಲ್ಲಿ ಚೀನದ ಬೌದ್ಧ ಭಿಕ್ಷು ಇತ್ಸಿಂಗನು ಅಗ್ರಗಣ್ಯನು. ಕ್ರಿ. ಶ. 671ರಲ್ಲಿ ಕ್ಯಾಂಟನ್ನಿನಿಂದ ಪಾರಸಿಕರ ಹಡಗೊಂದನ್ನು ಹತ್ತಿದ ಈತನು ನೇರವಾಗಿ ಭಾರತಕ್ಕೆ ಬರಲಿಲ್ಲ. ಸುಮಾತ್ರಾ ದ್ವೀಪದ ಶ್ರೀವಿಜಯ ಪಟ್ಟಣದಲ್ಲಿಳಿದು ಆರು ತಿಂಗಳ ಕಾಲ ಅಲ್ಲಿಯೇ ನಿಂತು ಸಂಸ್ಕೃತ ವ್ಯಾಕರಣವನ್ನು ಅಭ್ಯಾಸಮಾಡಿದನು. 673ರಲ್ಲಿ ವಂಗದೇಶದ ತಾಮ್ರಲಿಪ್ತಿಯನ್ನು ಮುಟ್ಟಿದ ಮೇಲೂ ನಾಲಂದೆಗೆ ಧಾವಿಸದೆ, ಆ ನುಡಿ ಇನ್ನಷ್ಟು ಕೈವಶವಾಗಲೆಂದು ಅಲ್ಲಿ ಕೆಲಕಾಲ ತಂಗಿದನು. ತನ್ನ ಅನುಭವವನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ, ಪಶ್ಚಿಮಕ್ಕೆ ಹೋಗಬಯಸುವ ಚೀನೀ ಭಿಕ್ಷುಗಳು ಮೊದಲು ಒಂದೆರಡು ವರ್ಷ ಶ್ರೀವಿಜಯದಲ್ಲಿದ್ದು ಅಭ್ಯಾಸಮಾಡಿ ಆಮೇಲೆ ಮುಂದುವರಿಯುವುದು ಮೇಲೆಂದು ಬರೆದಿಟ್ಟನು. ಅರ್ಧ ದಾರಿಯಲ್ಲಿ ನಿಂತು ಗಮ್ಯದೇಶದ ನುಡಿಯನ್ನು ಕಲಿಯುವ ಈ ಕ್ರಮದಲ್ಲಿ ಎಂಥ ವಿವೇಕವಿದೆ! ತಾನು ಯಾರ ಮನೆಗೆ ಅತಿಥಿಯಾಗಿ ಹೋಗುತ್ತಿರುವೆನೋ ಅವರ ಮಾತಿಗೆ ಕಿವಿಯನ್ನು ಹದಮಾಡಿಕೊಳ್ಳುವುದು ಯಾತ್ರೆಯ ಮೊದಲ ಹೆಜ್ಜೆಯೆಂದೇ ಅವನು ಎಣಿಸಿದ್ದನು.

ಯೂರೋಪಿನಲ್ಲಿ ಈ ಸಿದ್ಧತೆಯು ಬೇರೊಂದು ರೂಪವನ್ನು ತಾಳಿತು. ಅಲ್ಲಿಯ ಯಾತ್ರಿಕರು ವ್ಯಾಕರಣಕ್ಕೆ ಹೋಗದೆ ನಿತ್ಯೋಪಯೋಗದ ಮಾತುಗಳ ಪಟ್ಟಿಯನ್ನು ಮಾಡಿಕೊಳ್ಳತೊಡಗಿದರು. ಇಂಗ್ಲೆಂಡಿನ ಈಟನ್ ವಿದ್ಯಾಪೀಠದವನಾದ ವಿಲಿಯಂ ವೇ ಎಂಬ ಪಾದ್ರಿಯು 1458ರಲ್ಲಿ ಒಮ್ಮೆ, 1462ರಲ್ಲಿ ಮತ್ತೊಮ್ಮೆ ಜೆರುಸಲೇಮಿಗೆ ಹೋಗಿಬಂದು ಬರೆದಿಟ್ಟ ಗ್ರಂಥವು ಇದಕ್ಕೆ ಉತ್ತಮ ನಿದರ್ಶನ. ವೆನಿಸ್ಸಿನಲ್ಲಿ ಹಡಗು ಹತ್ತುವ ಮುನ್ನ ಸಂತ ಮಾರ್ಕನ ದೇವಾಲಯದ ಬಳಿಯ ವ್ಯಾಪಾರಿಯಿಂದ ಗರಿಯ ಹಾಸಿಗೆ, ಎರಡು ದಿಂಬು, ಎರಡು ಜೊತೆ ಹೊದಿಕೆ, ಒಂದು ರಜಾಯಿಗಳನ್ನು ಮೂರು ಡುಕಾಟಿಗೆ ಕೊಳ್ಳಬೇಕು. ಹಿಂತಿರುಗಿದ ಮೇಲೆ ಅದು ಎಷ್ಟೇ ಹಳತಾಗಿದ್ದರೂ ಅದೇ ವ್ಯಾಪಾರಿಗೆ ಒಪ್ಪಿಸಿ ಒಂದೂವರೆ ಡುಕಾಟನ್ನು ಮರಳಿ ಪಡೆಯಬಹುದು. ಹಡಗಿನಲ್ಲಿ ಆಹಾರಕ್ಕೆಂದು ಆರು ಕೋಳಿಗಳ ಪಂಜರವನ್ನೂ ಅವುಗಳಿಗೆ ಬೇಕಾಗುವಷ್ಟು ಧಾನ್ಯವನ್ನೂ ಒಯ್ಯಬೇಕು ಎಂದು ಅವನು ಉಪದೇಶಿಸುತ್ತಾನೆ. ಹಾಸಿಗೆ ಕೋಳಿಗಳ ವಿಷಯದಲ್ಲಿ ಇಷ್ಟು ಜಾಗರೂಕನಾದವನು ನುಡಿಯನ್ನು ಮರೆತಾನೆಯೆ? ವಂದಿಸುವುದು, ದಾರಿಯನ್ನು ಕೇಳುವುದು, ರೊಟ್ಟಿ ದ್ರಾಕ್ಷಾರಸಗಳನ್ನು ಬೇಡುವುದು, ಎಣಿಸುವುದು ಇವಕ್ಕೆ ಗ್ರೀಕರಲ್ಲಿ ಏನೆನ್ನುವರೆಂಬ ಪಟ್ಟಿಯನ್ನು ತನ್ನ ಓದುಗರಿಗಾಗಿ ಇಂಗ್ಲಿಷಿನೊಡನೆ ಜೋಡಿಸಿ ಕೊಟ್ಟನು. 1486ರಲ್ಲಿ ಮೈಂಟ್ಸ್ ನಗರದಲ್ಲಿ ಅಚ್ಚಾದ ಬ್ರೈಡೆನ್‌ಬಾಖನ ಯಾತ್ರಾಗ್ರಂಥದಲ್ಲಿ ಅರಬ್ಬೀ ಅಕ್ಷರಮಾಲೆಯೂ ಶಬ್ದಪಟ್ಟಿಯೂ ಸೇರಿದವು. ಮುದ್ರಣಯಂತ್ರವು ಹುಟ್ಟಿದ ಕೆಲವೇ ದಶಕಗಳಲ್ಲಿ ಅದು ಪಯಣಿಗನ ನಾಲಗೆಗೆ ನೆರವಾಗತೊಡಗಿತು.

ಯಾತ್ರಿಕರ ಈ ಪಟ್ಟಿಗಳನ್ನು ಒಂದು ಪುಸ್ತಕಪ್ರಕಾರವಾಗಿ ಬೆಳೆಸಿದ ಕೀರ್ತಿ ಬಹುಮಟ್ಟಿಗೆ ಆಂಟ್‌ವರ್ಪ್ ನಗರದ ಉಪಾಧ್ಯಾಯ ನೊಯೆಲ್ ದ ಬೆರ್ಲೆಮಾನನಿಗೆ ಸಲ್ಲುತ್ತದೆ. ನಾನಾ ದೇಶದ ವರ್ತಕರು ನೆರೆಯುತ್ತಿದ್ದ ಆ ರೇವುಪಟ್ಟಣದಲ್ಲಿ, ಹದಿನಾರನೆಯ ಶತಮಾನದ ಮೊದಲರ್ಧದಲ್ಲಿ, ಫ್ಲೆಮಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಅವನು ರಚಿಸಿದ ಚಿಕ್ಕ ಪುಸ್ತಕವು ಅವನ ಮರಣಾನಂತರವೂ ಬೆಳೆಯುತ್ತ ಹೋಗಿ, ಲ್ಯಾಟಿನ್, ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್, ಇಂಗ್ಲಿಷ್, ಪೋರ್ಚುಗೀಸ್‌ಗಳೂ ಕೂಡಿ ಎಂಟು ಭಾಷೆಗಳ ಕೈಪಿಡಿಯಾಯಿತು. ನೂರಕ್ಕೂ ಮಿಕ್ಕು ಮುದ್ರಣಗಳನ್ನು ಕಂಡಿತು. ಅಗಲ ಹೆಚ್ಚು, ಎತ್ತರ ಕಡಿಮೆಯಾದ ಅದರ ಪುಟವನ್ನು ತೆರೆದರೆ ಒಂದೇ ಮಾತು ಭಾಷೆಗೊಂದರಂತೆ ಸಾಲುಗೂಡಿದ ಕಂಬಗಳಲ್ಲಿ ನಿಂತಿರುತ್ತದೆ. ಪಯಣಿಗನು ತನ್ನ ಕಂಬದಲ್ಲಿ ಬೇಕಾದ ಮಾತನ್ನು ಹುಡುಕಿ ಬೆರಳನ್ನು ಅಡ್ಡಲಾಗಿ ಸರಿಸಿದರೆ ಎದುರಿಗಿರುವವನ ಮಾತು ದೊರೆಯುತ್ತದೆ. ಊಟದ ಪಂಕ್ತಿಯ ಸಂಭಾಷಣೆ, ಕೊಳ್ಳುವ ಮಾರುವ ಚೌಕಾಸಿ, ಸಾಲ ವಸೂಲಿಯ ಮಾತು, ದಾರಿಯ ವಿಚಾರಣೆ, ಛತ್ರದಲ್ಲಿ ರಾತ್ರಿ ತಂಗುವ ಏರ್ಪಾಡು ಇವೆಲ್ಲ ಅದರಲ್ಲಿ ನಾಟಕದ ದೃಶ್ಯಗಳಂತೆ ಬರುತ್ತವೆ. ಈ ಸಂಭಾಷಣೆಗಳಲ್ಲಿ ಪಯಣಿಗನು ಕೇಳುವುದು ಮಾತ್ರವಲ್ಲದೆ ಆತಿಥೇಯನು ಉತ್ತರಿಸುವುದೂ ಇದೆ. ಪರದೇಶದವನಿಗೂ ಹೇಳತಕ್ಕ ಮಾತುಗಳಿವೆ, ಅವನ್ನೂ ಕೇಳಿ ತಿಳಿಯಬೇಕು ಎಂಬ ಭಾವನೆಯ ಮೇಲೆ ಕಟ್ಟಿದ ಪುಸ್ತಕವದು.

ಪುಸ್ತಕವಿಲ್ಲದವರಿಗೆ ದುಭಾಷಿಯೇ ಗತಿ. 1443ರಲ್ಲಿ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಪ್ರೌಢದೇವರಾಯನೊಡನೆ ಸಂಭಾಷಿಸಿದ್ದು ದುಭಾಷಿಯ ಮುಖಾಂತರವೇ. ಆದರೆ ಇತರರ ನಾಲಗೆಯನ್ನು ನಂಬಿದವನಿಗೆ ಒಂದು ಸಂಶಯವೂ ಕೂಡಿಯೇ ಬರುತ್ತದೆ. ತುರ್ಕಿಯ ಸುಲ್ತಾನನ ಪ್ರಜೆಗಳಾದ ದುಭಾಷಿಗಳು ಯಾರ ಪಕ್ಷದವರೆಂಬ ಶಂಕೆಯಿಂದಲೇ ವೆನಿಸ್ ಗಣರಾಜ್ಯವು 1551ರಲ್ಲಿ ತನ್ನ ತರುಣರನ್ನು ಕಾನ್‌ಸ್ಟಾಂಟಿನೋಪಲ್ಲಿನಲ್ಲಿಟ್ಟು ತುರ್ಕಿ ಭಾಷೆಯನ್ನು ಕಲಿಸಲು ನಿಶ್ಚಯಿಸಿತು. 1669ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೇರನೂ ಇದೇ ಹಾದಿಯನ್ನು ಹಿಡಿದನು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲೂ ಉಗಿಹಡಗೂ ಬಂದು, ಪುಣ್ಯಕ್ಕಾಗಿಯೋ ಲಾಭಕ್ಕಾಗಿಯೋ ನಡೆಯುತ್ತಿದ್ದ ಯಾತ್ರೆಯು ಮಧ್ಯಮವರ್ಗದವರ ವಿಹಾರವಾಯಿತು. ಲಂಡನ್ನಿನ ಮರ್ರೆ, ಕೋಬ್ಲೆಂಟ್ಸಿನ ಬೇಡೆಕರ್ ಪ್ರಕಾಶನಗಳು ಮಾರ್ಗದರ್ಶಿಗಳ ಜೊತೆಗೆ ಸಂಭಾಷಣಾ ಪುಸ್ತಕಗಳನ್ನೂ ಹೊರತಂದವು. 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋಗೆ ಪಾನನಿರೋಧಕರನ್ನು ರೈಲಿನಲ್ಲಿ ಕರೆದೊಯ್ದು ತನ್ನ ವೃತ್ತಿಯನ್ನಾರಂಭಿಸಿದ ಥಾಮಸ್ ಕುಕ್ಕನು, 1855ರಲ್ಲಿ ಯೂರೋಪ್ ಖಂಡಕ್ಕೂ 1863ರಲ್ಲಿ ಸ್ವಿಟ್ಜರ್ಲೆಂಡಿಗೂ ಜನರನ್ನು ಕರೆದೊಯ್ದನು. 1868ರಲ್ಲಿ ಹೋಟೆಲು ಕೂಪನ್ನುಗಳನ್ನು ಆರಂಭಿಸಿದನು. ಕೂಪನ್ನನ್ನು ಚಾಚಿದರೆ ಕೋಣೆ, ಚಾಚಿದರೆ ಊಟ. ಮಾತಿಗೂ ಚೌಕಾಸಿಗೂ ಅವಕಾಶವಿಲ್ಲ. ಈ ಏರ್ಪಾಡಿನಿಂದ ಅಲ್ಪವಿತ್ತರಿಗೂ, ಬಂಧುಗಳ ಜೊತೆಯಿಲ್ಲದೆ ಹೊರಡುವ ಸ್ತ್ರೀಯರಿಗೂ ಪರದೇಶದ ಬಾಗಿಲು ತೆರೆದದ್ದು ಮಹೋಪಕಾರವೇ ಸರಿ. ಆದರೆ ಯಾರೊಡನೆಯೂ ಮಾತನಾಡದೆಯೇ ಒಂದು ದೇಶವನ್ನು ನೋಡಿ ಮುಗಿಸಬಹುದೆಂಬ ಅಭ್ಯಾಸವೂ ಆಗಲೇ ಬೇರೂರಿತು. ಇಪ್ಪತ್ತನೆಯ ಶತಮಾನವು ಅದನ್ನು ಇನ್ನೂ ಮುಂದಕ್ಕೆ ಒಯ್ದಿತು. 1964ರ ಟೋಕಿಯೋ ಒಲಿಂಪಿಕ್ಸಿಗೆ ಜಪಾನೀ ಲಿಪಿಯನ್ನು ಓದಲಾರದ ವಿದೇಶೀಯರು ಬರುವರೆಂದು, ವಿಮರ್ಶಕ ಕತ್ಸುಮಿ ಮಸರು ಅವರ ನೇತೃತ್ವದಲ್ಲಿ ಚಿತ್ರಸಂಕೇತಗಳ ಕ್ರಮಬದ್ಧ ಮಾಲೆಯೊಂದು ಸಿದ್ಧವಾಯಿತು. ಶೌಚಾಲಯಕ್ಕೆ, ದೂರವಾಣಿಗೆ, ವೈದ್ಯಸಹಾಯಕ್ಕೆ ಇಂದು ಲೋಕದ ಎಲ್ಲ ವಿಮಾನನಿಲ್ದಾಣಗಳಲ್ಲಿ ಕಾಣುವ ಸಂಕೇತಗಳು ಆ ಪರಂಪರೆಯವು. ಈಗಲಾದರೋ ಕಿಸೆಯ ಮೊಬೈಲ್ ಫೋನೇ ದುಭಾಷಿಯಾಗಿದೆ.

ಈ ಸೌಕರ್ಯಗಳನ್ನು ಬಿಡಬೇಕೆಂದು ಹೇಳುವುದು ಅವಿವೇಕ. ಮೊದಲ ಬಾರಿ ಹೊರಡುವವನು ಇವೆಲ್ಲವನ್ನೂ ನಿಸ್ಸಂಕೋಚವಾಗಿ ಬಳಸಿಕೊಳ್ಳಲಿ. ಆದರೆ ಇತ್ಸಿಂಗನಿಂದ ಬೆರ್ಲೆಮಾನನವರೆಗಿನ ಹಿರಿಯರು ಸಾರಿದ ಧರ್ಮವೊಂದಿದೆ: ನಾವು ಕಾಲಿಡುವ ನೆಲದವರ ಮಾತು ಗೌರವಕ್ಕೆ ಅರ್ಹವಾದುದು, ಅದನ್ನು ತೊದಲಿಯಾದರೂ ಆಡಲು ಯತ್ನಿಸುವವನೇ ನಿಜವಾದ ಅತಿಥಿ. ಆದ್ದರಿಂದ, ವಿದೇಶಯಾತ್ರೆಗೆ ಅಣಿಯಾಗುತ್ತಿರುವ ಓದುಗನೇ, ಚೀಟಿಯನ್ನು ಕಾದಿರಿಸಿದ ದಿನವೇ ಆ ದೇಶದ ನುಡಿಯಲ್ಲಿ ವಂದನೆಯನ್ನೂ ಕೃತಜ್ಞತೆಯನ್ನೂ ಕ್ಷಮಾಯಾಚನೆಯನ್ನೂ, ಒಂದರಿಂದ ಹತ್ತರವರೆಗಿನ ಎಣಿಕೆಯನ್ನೂ ಕಲಿಯತೊಡಗು. ಸಸ್ಯಾಹಾರಿಯಾದರೆ ಆ ಒಂದು ಮಾತನ್ನು ಅವರ ಲಿಪಿಯಲ್ಲಿ ಬರೆಯಿಸಿ ಇಟ್ಟುಕೋ. ಉಚ್ಚಾರವು ತಪ್ಪಾದರೆ ತಿದ್ದುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರೊಡನೆ ಪರಿಚಯವಾಗಲು ಅದಕ್ಕಿಂತ ಸುಲಭವಾದ ದಾರಿಯಿಲ್ಲ.